ಗೆರೆ ಕಲಿಯಲು ಹೋದ ಹತ್ತು ದಿನ

ನಮ್ಮ ಕಾಲೇಜಿನ ಕಳೆದ ವರ್ಷದ ವಾರ್ಷಿಕ ಸಂಚಿಕೆಯನ್ನು ಯಾರಾದರೂ ಜೋಪಾನವಾಗಿ ಇಟ್ಟುಕೊಂಡಿದ್ದರೆ, ಅದರ ನಡುಭಾಗದಲ್ಲಿ ನೇಕಾರನೊಬ್ಬನನ್ನು ಕುರಿತ ಸಣ್ಣ ಕಥೆಯೊಂದನ್ನೂ, ಎದುರು ಪುಟದಲ್ಲಿ ಕರಿಯ ಮುದ್ದೆಯಂಥ ಚಿತ್ರವೊಂದನ್ನೂ ಕಾಣಬಹುದು. ಕಥೆ ನನ್ನ ಸಹಪಾಠಿಯದು, ಮುದ್ದೆ ನನ್ನದು. ಸಂಪಾದಕ ಮಂಡಲಿಯವರು ಅದರ ಕೆಳಗೆ ನನ್ನ ಹೆಸರನ್ನು ಬಹು ಸ್ಪಷ್ಟವಾಗಿ ಅಚ್ಚು ಹಾಕಿಸಿದ್ದರಿಂದ ತಪ್ಪಿಸಿಕೊಳ್ಳುವ ಮಾರ್ಗವಿರಲಿಲ್ಲ.

ಚಿತ್ರ ಕರಿಯಾದುದಕ್ಕೆ ನಾನು ಮುದ್ರಣದವರನ್ನು ಮನಸ್ಸಿನಲ್ಲಿಯೇ ಬಯ್ದುಕೊಂಡಿದ್ದೆ. ಅದು ಅನ್ಯಾಯವೆಂದು ಆಮೇಲೆ ತಿಳಿಯಿತು; ಆ ವಿಚಾರ ಮುಂದೆ ಬರುತ್ತದೆ. ಆದರೆ ಅಚ್ಚಿನ ದೋಷಕ್ಕಿಂತ ದೊಡ್ಡ ದೋಷವೊಂದು ಚಿತ್ರದಲ್ಲಿಯೇ ಇತ್ತು. ಗೆಳೆಯನ ಊರು ಗುಳೇದಗುಡ್ಡ. ಅವನ ತಂದೆಯವರು ನಲವತ್ತು ವರ್ಷ ಕುಣಿಮಗ್ಗದಲ್ಲಿ ಖಣ ನೇಯ್ದವರು. ಕಥೆ ಅವರದೇ ಎಂದು ಅವನು ಎಲ್ಲಿಯೂ ಬರೆದಿರಲಿಲ್ಲ, ಓದಿದವರಿಗೆ ತಿಳಿಯುತ್ತಿತ್ತು. ನಾನು ಮಾತ್ರ ಆ ನೇಕಾರನನ್ನು ಎತ್ತರದ ಪೀಠದ ಮೇಲೆ, ಎದೆಯುಬ್ಬಿಸಿ, ಕಾಲು ಇಳಿಬಿಟ್ಟು, ಸಿಂಹಾಸನವನ್ನೇರಿದ ಅರಸನಂತೆ ಕೂರಿಸಿದ್ದೆ. ಗೆಳೆಯನು ಪತ್ರಿಕೆಯನ್ನು ಬಹಳ ಹೊತ್ತು ನೋಡಿ, “ನಮ್ಮಪ್ಪ ಹೀಂಗ ಕೂತ್ರ ಒಂದು ಎಳೀನೂ ನೇಯಾಕ ಆಗೂದಿಲ್ಲೋ” ಎಂದು ನಕ್ಕನು. ನಕ್ಕನೆಂಬುದೇ ನನಗೆ ಹೆಚ್ಚು ನೋವಾಯಿತು. ಅಚ್ಚಾದ ಆ ಪುಟವನ್ನು ಅವನು ಮನೆಗೆ ಒಯ್ಯಲಿಲ್ಲವೆಂದು ನನಗೆ ಗೊತ್ತು.

ಅದಾದ ಮೇಲೆ ಕೆಲವು ತಿಂಗಳು ನಾನು ಪೆನ್ಸಿಲ್ ಹಿಡಿಯಲಿಲ್ಲ. ಹೀಗಿರಲು, ದಸರೆಯ ರಜೆಯಲ್ಲಿ ಬಾದಾಮಿಯಲ್ಲಿ ಕಥಾಚಿತ್ರ ಬರೆಯುವವರಿಗಾಗಿ ಹತ್ತು ದಿನಗಳ ಅಭ್ಯಾಸ ಶಿಬಿರವೊಂದು ನಡೆಯುವುದೆಂದು ಕೇಳಿದೆ. ಶುಲ್ಕ ಮೂರು ಸಾವಿರ ರೂಪಾಯಿ. ನನ್ನ ಅಕ್ಕ ಹೊಲಿಗೆಯಿಂದ ಕೂಡಿಸಿದ ಹಣದಲ್ಲಿ ಅದನ್ನು ಕೊಟ್ಟಳು. ಜೊತೆಗೆ ಒಂದು ಷರತ್ತನ್ನೂ ಹಾಕಿದಳು. ಹತ್ತು ದಿನಗಳ ಬಳಿಕವೂ ನನ್ನ ಕೈಯಲ್ಲಿ ಏನೂ ಇಲ್ಲವೆಂದು ನನಗೇ ತೋರಿದರೆ ಚಿತ್ರದ ಹುಚ್ಚನ್ನು ಬಿಟ್ಟು ಸರ್ಕಾರಿ ಪರೀಕ್ಷೆಗಳಿಗೆ ಓದತಕ್ಕದ್ದು. ಒಪ್ಪಿಕೊಂಡು ಹೊರಟೆ. ಇಂಥ ಶಿಬಿರಗಳಲ್ಲಿ ಏನು ನಡೆಯುತ್ತದೆಂದು ನಮ್ಮಲ್ಲಿ ಹಲವರು ಕೇಳಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾವು ಹನ್ನೆರಡು ಮಂದಿ ಇದ್ದೆವು. ಕಲಿಸುವವರು ಇಬ್ಬರು, ಇಬ್ಬರೂ ಪುಸ್ತಕಗಳಿಗೆ ಚಿತ್ರ ಬರೆದು ಜೀವಿಸಿದವರು. ಮೊದಲನೆಯ ದಿನ ನಮ್ಮ ಫೋನುಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು, “ಸಂಜೆ ಏಳಕ್ಕೆ ಕೊಡುತ್ತೇವೆ” ಎಂದರು. ಬೆಳಿಗ್ಗೆ ಆರೂವರೆಯಿಂದ ಕತ್ತಲಾಗುವವರೆಗೆ ಬರೆಯುವುದು. ರಾತ್ರಿ ಊಟವಾದ ಮೇಲೆ ಆ ದಿನದ ಹಾಳೆಗಳನ್ನೆಲ್ಲ ಗೋಡೆಗೆ ಅಂಟಿಸಿ ಎಲ್ಲರ ಎದುರಿಗೆ ನೋಡುವುದು. ಇದೇ ಹತ್ತು ದಿನಗಳ ಕ್ರಮ. ಉಪನ್ಯಾಸಗಳು ಬಹು ಕಡಿಮೆ. ನಾನು ಟಿಪ್ಪಣಿಗೆಂದು ಒಯ್ದಿದ್ದ ಇನ್ನೂರು ಪುಟದ ನೋಟುಪುಸ್ತಕ ಕೊನೆಗೆ ಅಡುಗೆಯವರ ಲೆಕ್ಕ ಬರೆಯಲು ಉಪಯೋಗವಾಯಿತು.

ಮೊದಲನೆಯ ಅಭ್ಯಾಸ ಮೂವತ್ತು ಸೆಕೆಂಡುಗಳದು. ಒಬ್ಬನು ಎದುರಿಗೆ ನಿಂತು ಒಂದು ಭಂಗಿಯನ್ನು ತಾಳುತ್ತಾನೆ. ಕೊಡ ಎತ್ತುವಂತೆ, ಓಡುವಂತೆ, ಜೋಲಿ ಹೊಡೆಯುವಂತೆ. ಮೂವತ್ತು ಸೆಕೆಂಡಿಗೆ ಗಂಟೆ ಬಾರಿಸಿದೊಡನೆ ಭಂಗಿ ಬದಲು. ಅಷ್ಟರಲ್ಲಿ ಹಾಳೆಯ ಮೇಲೆ ಮನುಷ್ಯನು ಬಂದಿರಬೇಕು. ಇದರಲ್ಲಿ ಮೂಗು, ಕಿವಿ, ಗುಂಡಿಗಳಿಗೆ ಎಡೆಯಿಲ್ಲ. ಶರೀರದ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಬೆನ್ನು ಯಾವ ಕಡೆಗೆ ಬಾಗಿದೆ, ಭುಜ ಮೇಲಾದಾಗ ಸೊಂಟ ಹೇಗೆ ಎದುರು ದಿಕ್ಕಿಗೆ ಓರೆಯಾಗುತ್ತದೆ, ಇಷ್ಟನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿಯಬೇಕು. ಮೊದಲ ಇಪ್ಪತ್ತು ಹಾಳೆಗಳಲ್ಲಿ ನನಗೆ ತಲೆಯ ಹೊರತು ಬೇರೇನೂ ಮುಗಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಶಾಲಾ ಶಿಕ್ಷಕಿಯ ಹಾಳೆಯಲ್ಲಿ ಮಾತ್ರ ಮನುಷ್ಯರು ಓಡುತ್ತಿದ್ದರು. ತಲೆ ಒಂದಕ್ಕೂ ಇರಲಿಲ್ಲ.

ಆ ರಾತ್ರಿಯೇ ನನ್ನ ಗುಟ್ಟು ರಟ್ಟಾಯಿತು. ಗೋಡೆಯ ಮೇಲಿನ ನನ್ನ ಹಾಳೆಗಳನ್ನು ನೋಡಿದ ಹಿರಿಯ ಗುರುಗಳು, “ಇವರೆಲ್ಲ ನನಗೆ ಗುರುತಿನವರು” ಎಂದರು. ನನಗೆ ಅರ್ಥವಾಗಲಿಲ್ಲ. “ಚಂದಮಾಮದಲ್ಲಿ ನೋಡಿದ್ದೇನೆ” ಎಂದರು. ಮಾತು ನಿಜ. ನಮ್ಮ ಮನೆಯಲ್ಲಿ ಹಳೆಯ ಚಂದಮಾಮದ ಸಂಪುಟಗಳು ರಟ್ಟು ಕಟ್ಟಿಸಿ ಇಟ್ಟಿದ್ದವು. ವಿಕ್ರಮ ಬೇತಾಳರನ್ನು ದಶಕಗಳ ಕಾಲ ಚಿತ್ರಿಸಿದ ಶಂಕರ್ ಅವರ (1924–2020) ಪುಟಗಳನ್ನು ಎದುರಿಗಿಟ್ಟುಕೊಂಡೇ ನಾನು ಕೈ ತಿರುಗಿಸಿಕೊಂಡವನು. ಆ ಪತ್ರಿಕೆ ನಿಂತುಹೋದರೂ ಅದರ ಅರಸರು ನನ್ನ ಬೆರಳುಗಳಲ್ಲಿ ರಾಜ್ಯವಾಳುತ್ತಿದ್ದರು. ಕೊಡ ಹೊತ್ತವನಿಗೂ ಅರಸನ ಭುಜ, ಜೋಲಿ ಹೊಡೆಯುವವನಿಗೂ ಅರಸನ ಭುಜ. ನೇಕಾರನು ಸಿಂಹಾಸನವೇರಿದ್ದು ಹೇಗೆಂದು ಆಗ ಹೊಳೆಯಿತು.

ಇಲ್ಲಿ ಒಂದು ಮಾತು. ನಕಲು ಮಾಡುವುದು ಪಾಪವೆಂದು ಅವರು ಹೇಳಲಿಲ್ಲ. ಹಿಂದಿನವರ ಗೆರೆಯನ್ನು ಪ್ರತಿ ಮಾಡಿಯೇ ಎಲ್ಲರೂ ಕಲಿಯುತ್ತಾರೆ. ಆದರೆ ನಕಲಿನಲ್ಲಿ ನಮಗೆ ದೊರೆಯುವುದು ಇನ್ನೊಬ್ಬರು ನೋಡಿ ತೀರ್ಮಾನಿಸಿದ ಫಲ. ನೋಡುವ ಕೆಲಸ ದೊರೆಯುವುದಿಲ್ಲ. ಶಂಕರರು ಒಂದು ಭುಜವನ್ನು ಬರೆಯುವುದಕ್ಕೆ ಮುಂಚೆ ನೂರು ಭುಜಗಳನ್ನು ಕಂಡಿರಬೇಕು. ನಾನು ಕಂಡದ್ದು ಅವರು ಬರೆದ ಒಂದನ್ನು.

ನೋಡುವುದನ್ನು ಕಲಿಸಲೆಂದು ಎರಡನೆಯ ದಿನ ವಿಚಿತ್ರವಾದ ಒಂದು ಅಭ್ಯಾಸ ಕೊಟ್ಟರು. ಎಡಗೈಯನ್ನು ಎದುರಿಗಿಟ್ಟುಕೊಂಡು, ಹಾಳೆಯನ್ನು ಒಮ್ಮೆಯೂ ನೋಡದೆ, ಅದರ ಅಂಚನ್ನು ಬರೆಯಬೇಕು. ಕಣ್ಣು ಬೆರಳಿನ ಅಂಚಿನ ಮೇಲೆ ಇರುವೆಯಂತೆ ಸರಿಯಬೇಕು. ಪೆನ್ಸಿಲ್ ಅದೇ ವೇಗದಲ್ಲಿ ಹಾಳೆಯ ಮೇಲೆ ಸರಿಯಬೇಕು. ಒಂದು ಕೈಗೆ ಇಪ್ಪತ್ತು ನಿಮಿಷ. ಕಿಮೋನ್ ನಿಕೊಲೈಡಿಸ್ ಎಂಬ ಅಮೆರಿಕದ ಚಿತ್ರಶಿಕ್ಷಕರ ಪುಸ್ತಕ ಅವರು ತೀರಿಕೊಂಡ ಮೇಲೆ 1941ರಲ್ಲಿ ಪ್ರಕಟವಾಯಿತು. ಭಂಗಿಯ ಅಭ್ಯಾಸ, ಅಂಚಿನ ಅಭ್ಯಾಸ ಎರಡೂ ಅದರಿಂದಲೇ ಲೋಕದ ಚಿತ್ರಶಾಲೆಗಳಿಗೆಲ್ಲ ಹರಡಿದವೆನ್ನಬಹುದು. ಬರೆದು ಮುಗಿಸಿ ನೋಡಿದರೆ ನನ್ನ ಕೈ ಹಸಿ ಶುಂಠಿಯ ಬೇರಿನಂತಿತ್ತು. ಆದರೆ ಹೆಬ್ಬೆರಳ ಬುಡದ ಮಡಿಕೆಯೊಂದು ಮಾತ್ರ ಸುಳ್ಳಾಗಿರಲಿಲ್ಲ. ಇಪ್ಪತ್ತು ವರ್ಷ ನನ್ನೊಡನೆ ಇದ್ದ ಆ ಮಡಿಕೆಯನ್ನು ಅಂದೇ ಮೊದಲು ಕಂಡೆ.

ಮೂರನೆಯ ದಿನದಿಂದ ಗುಹೆಗಳು. ಬಾದಾಮಿಯ ಕೆಂಪು ಮರಳುಗಲ್ಲಿನ ನಾಲ್ಕು ಗುಹಾಲಯಗಳ ವರ್ಣನೆಯನ್ನು ನಮ್ಮ ಇತಿಹಾಸದ ಅಧ್ಯಾಪಕರು ನನಗಿಂತ ಚೆನ್ನಾಗಿ ಮಾಡಬಲ್ಲರು. ಮೂರನೆಯದರಲ್ಲಿ ಕ್ರಿ.ಶ. 578ರ, ಮಂಗಳೇಶನ ಹೆಸರಿರುವ ಶಾಸನವಿದೆಯೆಂಬುದು ಪರೀಕ್ಷೆಗೆ ಬರುವ ಪ್ರಶ್ನೆ. ನಮಗೆ ಕೊಟ್ಟ ಪ್ರಶ್ನೆ ಬೇರೆ. ಒಂದನೆಯ ಗುಹೆಯ ಬಲಬದಿಯ ಬಂಡೆಯಲ್ಲಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ಅವನನ್ನು ತೋಳುಗಳಿಲ್ಲದೆ ಬರೆಯಿರಿ ಎಂದರು!

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಆ ಮೂರ್ತಿಯನ್ನು ನೋಡುವವನ ಕಣ್ಣು ಮೊದಲು ಹೋಗುವುದೇ ತೋಳುಗಳಿಗೆ. ಬೀಸಣಿಗೆಯ ಕಡ್ಡಿಗಳಂತೆ ಎರಡೂ ಕಡೆಗೆ ಬಿಚ್ಚಿಕೊಂಡಿರುವ ಅವನ್ನು ಎಣಿಸುತ್ತ ಪ್ರವಾಸಿಗರು ಜಗಳವಾಡುವುದನ್ನು ಕೇಳಿದ್ದೇವೆ. ತೋಳು ಬಿಟ್ಟರೆ ಉಳಿಯುವುದೇನು? ಬರೆಯತೊಡಗಿದ ಮೇಲೆ ತಿಳಿಯಿತು. ತಲೆ, ಎದೆ, ಸೊಂಟಗಳಲ್ಲಿ ಹಾದುಹೋಗುವ ಬಾಗಿದ ಒಂದೇ ಗೆರೆ ಉಳಿಯುತ್ತದೆ. ಹದಿನೆಂಟು ತೋಳುಗಳೂ ಆ ಒಂದು ಗೆರೆಯ ಆಧಾರದ ಮೇಲೆ ನಿಂತಿವೆ. ಅದು ನೆಟ್ಟಗಾಗಿದ್ದರೆ ಅಷ್ಟು ಕೈಗಳು ಗೊಂದಲವಾಗಿ ಕಾಣುತ್ತಿದ್ದವೇ ಹೊರತು ನೃತ್ಯವಾಗಿ ಅಲ್ಲ. ಪಕ್ಕದಲ್ಲಿರುವ ಗಣಪತಿಯನ್ನೂ ಮದ್ದಳೆ ನುಡಿಸುವವನನ್ನೂ ಶಿಲ್ಪಿ ಚಿಕ್ಕದಾಗಿ ಮಾಡಿರುವುದರಿಂದ ಆ ಗೆರೆಗೆ ಅಡ್ಡಿಯಿಲ್ಲ. ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದರೆ ಒಪ್ಪಿಕೊಂಡು ಮರೆಯುತ್ತಿದ್ದೆನೇನೋ. ಒಂದು ಬೆಳಿಗ್ಗೆಯಲ್ಲಿ ಹದಿನಾಲ್ಕು ಸಲ ತಪ್ಪಿ ಬರೆದದ್ದರಿಂದ ಮರೆಯಲಾರೆ. ಹದಿನೈದನೆಯದು ಸುಮಾರಾಗಿತ್ತು, ಅದನ್ನು ಕೋತಿಯೊಂದು ಕಿತ್ತುಕೊಂಡು ಬಂಡೆಯ ಮೇಲೆ ಕುಳಿತು ಸಾವಕಾಶವಾಗಿ ಹರಿಯಿತು. ಬಾದಾಮಿಯ ಕೋತಿಗಳಿಗೆ ಕಡಲೆಗೂ ಕಲೆಗೂ ಭೇದವಿಲ್ಲ.

ನಾಲ್ಕನೆಯ ದಿನದ ಬಣ್ಣದ ಪಾಠವನ್ನು ನಾನಿಲ್ಲಿ ವಿವರಿಸುವುದಿಲ್ಲ. ನಮ್ಮ ಪತ್ರಿಕೆಯ ಒಳಪುಟಗಳು ಕಪ್ಪು ಬಿಳುಪಿನವು. ನನಗೂ ಬಣ್ಣದಲ್ಲಿ ಗತಿಯಿಲ್ಲ.

ಇನ್ನು ಕಥಾಚಿತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೂ ಕಥೆಯ ಪಕ್ಕದಲ್ಲಿ ಕೂರುವ ಚಿತ್ರಕ್ಕೂ ಭೇದವಿದೆ. ಎರಡನೆಯದಕ್ಕೆ ನೆರೆಮನೆಯವರಿದ್ದಾರೆ; ಅವರು ಈಗಾಗಲೇ ಹೇಳಿದ್ದನ್ನು ಮತ್ತೆ ಹೇಳಿದರೆ ವ್ಯರ್ಥ, ಅವರು ಹೇಳದ್ದನ್ನು ಹೇಳಿಬಿಟ್ಟರೆ ದ್ರೋಹ. ಆದ್ದರಿಂದ ಕಥೆಯ ಯಾವ ಗಳಿಗೆಯನ್ನು ಆರಿಸಬೇಕೆಂಬುದೇ ಅರ್ಧ ಕೆಲಸ. ಜರ್ಮನಿಯ ಲೆಸ್ಸಿಂಗನು 1766ರಲ್ಲಿ ಬರೆದ ‘ಲಾವೊಕೋನ್’ ಎಂಬ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಕವಿಗೆ ಕಾಲವು ಹರಿಯುತ್ತದೆ, ಚಿತ್ರಕಾರನಿಗೆ ಒಂದೇ ಕ್ಷಣ ದಕ್ಕುತ್ತದೆ. ಆ ಕ್ಷಣವು ಭಾವದ ತುತ್ತತುದಿಯಾಗಿರಕೂಡದು, ಏಕೆಂದರೆ ತುದಿಯನ್ನು ತೋರಿಸಿಬಿಟ್ಟರೆ ನೋಡುವವನ ಕಲ್ಪನೆಗೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ ಎಂಬುದು ಅವನ ವಾದದ ಸಾರ. ಅರಮನೆಗಳ ಶಿಲ್ಪಕ್ಕೆ ಹೇಳಿದ ಮಾತು ನಮ್ಮ ಎರಡು ಅಂಗುಲದ ಚಿತ್ರಕ್ಕೂ ಸಲ್ಲುತ್ತದೆ.

ಇದಕ್ಕೆ ಅವರು ಹೇಳಿಕೊಟ್ಟ ಉಪಾಯ ಬೆಂಕಿಪೆಟ್ಟಿಗೆಯದು. ಕಥೆಯನ್ನು ಮೂರು ಸಲ ಓದಿ, ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಹನ್ನೆರಡು ಚೌಕಗಳನ್ನು ಹಾಕಿಕೊಂಡು, ಒಂದೊಂದರಲ್ಲಿ ಒಂದೊಂದು ಗಳಿಗೆಯನ್ನು ಬರೆಯುವುದು. ಬಿಳುಪು, ಕಪ್ಪು, ನಡುವೆ ಒಂದೇ ಒಂದು ಬೂದು, ಅಷ್ಟೇ. ಮೊದಲ ನಾಲ್ಕು ಎಲ್ಲರಿಗೂ ಹೊಳೆಯುವಂಥವು. ಆಮೇಲೆ ಬೇಸರ ಬರುತ್ತದೆ. ಎಂಟರ ಮೇಲೆ ಕೆಲವು ವೇಳೆ ಒಳ್ಳೆಯದೊಂದು ಬರುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಓದುತ್ತಿರುವಾಗಲೇ ತಮ್ಮ ಅಣ್ಣ ಆರ್. ಕೆ. ನಾರಾಯಣರ ಕಥೆಗಳಿಗೆ ಪತ್ರಿಕೆಯಲ್ಲಿ ಚಿತ್ರ ಬರೆಯತೊಡಗಿದ್ದ ಆರ್. ಕೆ. ಲಕ್ಷ್ಮಣರ ಕೆಲವು ಪುಟಗಳನ್ನು ತೋರಿಸಿ, ಏನನ್ನು ಬಿಟ್ಟಿದ್ದಾರೆಂದು ಪಟ್ಟಿ ಮಾಡಿಸಿದರು. ಬರೆದದ್ದಕ್ಕಿಂತ ಬಿಟ್ಟದ್ದರ ಪಟ್ಟಿ ಉದ್ದವಾಯಿತು. ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಅದು ಸಾಧಿಸಿತ್ತೆಂಬುದು ನನಗೆ ಉತ್ಸಾಹವನ್ನು ಕೊಡಬೇಕಾಗಿತ್ತು. ನಿಜ ಹೇಳುವುದಾದರೆ ಆ ಸಂಜೆ ಊಟ ರುಚಿಸಲಿಲ್ಲ.

ಮಸಿಯ ಪಾಠದಲ್ಲಿ ನನ್ನ ಕರಿಯ ಮುದ್ದೆಯ ರಹಸ್ಯ ಹೊರಬಿತ್ತು. ಕಪ್ಪು ಮಸಿಯ ಮುದ್ರಣಯಂತ್ರಕ್ಕೆ ಬೂದುಬಣ್ಣವೆಂಬುದು ತಿಳಿಯದು. ಕಾಗದದ ಮೇಲೆ ಮಸಿ ಬೀಳುತ್ತದೆ, ಇಲ್ಲವೆ ಬೀಳುವುದಿಲ್ಲ. ಬೂದು ಬೇಕೆಂದರೆ ಅದನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಣ್ಣಿಗೆ ಮೋಸ ಮಾಡಬೇಕು. ಹಿಂದೆ ಇದಕ್ಕೆ ಹಾಫ್‌ಟೋನ್ ಬ್ಲಾಕು, ಬರಿಯ ಗೆರೆಗಳ ಚಿತ್ರಕ್ಕೆ ಸತುವಿನ ತಗಡನ್ನು ಆಮ್ಲದಲ್ಲಿ ಕೊರೆದ ಲೈನ್ ಬ್ಲಾಕು, ಹೀಗೆ ಎರಡು ಬಗೆ ಇದ್ದವು. ಇಂದು ಆಫ್‌ಸೆಟ್ ಬಂದು ಬ್ಲಾಕುಗಳು ಹೋದರೂ ಆ ಭೇದ ಹೋಗಿಲ್ಲ. ಚಿತ್ರವನ್ನು ಗೆರೆಚಿತ್ರವೆಂದು ಸ್ಕ್ಯಾನ್ ಮಾಡಿದರೆ ಪ್ರತಿಯೊಂದು ಬಿಂದುವೂ ಕಪ್ಪೋ ಬಿಳುಪೋ ಆಗಲೇಬೇಕು. ಒಂದು ಮಟ್ಟಕ್ಕಿಂತ ಗಾಢವಾದ ಪೆನ್ಸಿಲ್ ನೆರಳೆಲ್ಲ ಒಟ್ಟಿಗೇ ಕಪ್ಪಾಗಿಬಿಡುತ್ತದೆ. ನಾನು ನೇಕಾರನ ಮುಖಕ್ಕೂ ಮಗ್ಗಕ್ಕೂ ಪೆನ್ಸಿಲಿನಿಂದ ಮೆತ್ತಗೆ ನೆರಳು ಉಜ್ಜಿ, ಹಾಳೆಯ ಬೆನ್ನಿಗೆ ‘ಗೆರೆಚಿತ್ರ’ ಎಂದು ನನ್ನ ಕೈಯಾರೆ ಬರೆದುಕೊಟ್ಟಿದ್ದೆ. ಮುದ್ರಣದವರು ನಾನು ಹೇಳಿದಂತೆಯೇ ಮಾಡಿದ್ದರು.

ಆದುದರಿಂದ ನೆರಳನ್ನೂ ಗೆರೆಯಲ್ಲೇ ಬರೆಯಬೇಕು. ಒತ್ತಾಗಿ ಎಳೆದರೆ ಗಾಢ, ಅಂತರ ಬಿಟ್ಟು ಎಳೆದರೆ ತಿಳಿ, ಒಂದರ ಮೇಲೊಂದು ಅಡ್ಡ ಹಾಯಿಸಿದರೆ ಇನ್ನೂ ಗಾಢ. ಅಚ್ಚಾಗುವ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬರೆದು ಕಿರಿದು ಮಾಡಿಸುವುದು ವಾಡಿಕೆ, ಏಕೆಂದರೆ ಕೈಯ ಸಣ್ಣ ನಡುಕಗಳು ಆಗ ಅಡಗುತ್ತವೆ. ಆದರೆ ಗೆರೆಗಳ ನಡುವಿನ ಬಿಳುಪೂ ಅಷ್ಟೇ ಕಿರಿದಾಗುತ್ತದೆ. ಅಗ್ಗದ ಕಾಗದದಲ್ಲಿ ಮಸಿ ಸ್ವಲ್ಪ ಹರಡುವುದರಿಂದ ಆ ಬಿಳುಪು ಮುಚ್ಚಿಯೇ ಹೋಗುತ್ತದೆ. ಅಂತರವನ್ನು ನಮ್ಮ ಕಣ್ಣಿಗೆ ಅತಿಯಾಯಿತೆನ್ನುವಷ್ಟು ಬಿಡಬೇಕು. ಮುಂದೆ ನಮ್ಮ ಪತ್ರಿಕೆಗೆ ಬರೆಯುವವರು ಇದೊಂದನ್ನು ನೆನಪಿಟ್ಟರೆ ಸಾಕು: ಮಸಿಯ ಗೆರೆಯನ್ನು ಅಂಗುಲಕ್ಕೆ 600 ಇಲ್ಲವೆ 1200 ಬಿಂದುಗಳಂತೆಯೂ, ಪೆನ್ಸಿಲ್ ಚಿತ್ರವನ್ನು ಬೂದು ಕ್ರಮದಲ್ಲಿ 300 ಬಿಂದುಗಳಂತೆಯೂ ಸ್ಕ್ಯಾನ್ ಮಾಡಿಸತಕ್ಕದ್ದು. ನಿಬ್ಬಿನ ಲೇಖನಿಯ ವಿಷಯದಲ್ಲಿ ನಾನು ಹೇಳಬಹುದಾದದ್ದು, ಅದನ್ನು ತನ್ನ ಕಡೆಗೆ ಎಳೆಯಬಹುದು, ಎದುರಿಗೆ ತಳ್ಳಲಾಗದು ಎಂಬುದಷ್ಟೆ. ತಳ್ಳಿದರೆ ಮೊನೆ ಕಾಗದದಲ್ಲಿ ಸಿಕ್ಕಿ ಮಸಿ ಸಿಡಿಯುತ್ತದೆ. ನನ್ನ ಬಿಳಿಯ ಅಂಗಿ ಇದಕ್ಕೆ ಸಾಕ್ಷಿ.

ಏಳನೆಯ ದಿನ, ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಕಥೆಗೆ ಒಂದು ಚಿತ್ರ ಬರೆದು ಹತ್ತನೆಯ ದಿನ ಒಪ್ಪಿಸಬೇಕೆಂದರು. ನಾನು ಚೀಲದ ಅಡಿಯಲ್ಲಿ ಇಟ್ಟುಕೊಂಡಿದ್ದ ನಮ್ಮ ವಾರ್ಷಿಕ ಸಂಚಿಕೆಯನ್ನು ತೆಗೆದೆ. ಗುರುಗಳು ಕಥೆಯನ್ನು ಓದಿ, ಚಿತ್ರವನ್ನು ನೋಡಿ, ಏನನ್ನೂ ಟೀಕಿಸದೆ, “ಕುಣಿಮಗ್ಗ ನೋಡಿದ್ದೀಯಾ?” ಎಂದು ಕೇಳಿದರು. ಇಲ್ಲವೆಂದೆ. ಗುಳೇದಗುಡ್ಡಕ್ಕೆ ಬಸ್ಸು ಎಷ್ಟು ಹೊತ್ತಿಗಿದೆಯೆಂದು ಅವರೇ ವಿಚಾರಿಸಿ ಹೇಳಿದರು.

ಗೆಳೆಯನು ರಜೆಗೆ ಮನೆಯಲ್ಲಿಯೇ ಇದ್ದ. ನಾನು ಬಂದ ಕಾರಣವನ್ನು ಕೇಳಿ ಸ್ವಲ್ಪ ಸುಮ್ಮನಿದ್ದು, ಮಗ್ಗ ನಿಂತು ಐದು ತಿಂಗಳಾಯಿತೆಂದ. ತಂದೆಯವರ ಕಣ್ಣು ಮಂದವಾಗಿದ್ದವು. ದೀಪಾವಳಿಯ ಮೇಲೆ ಕುಣಿಯನ್ನು ಮುಚ್ಚಿ ನೆಲಕ್ಕೆ ಕಲ್ಲು ಹಾಸಬೇಕೆಂದು ಮನೆಯಲ್ಲಿ ಮಾತಾಗಿತ್ತು. ಮಗ್ಗದ ಮೇಲೆ ಹಾಸಿನ ನೂಲು ಇನ್ನೂ ಎರಡು ಗೇಣಿನಷ್ಟು ನೇಯದೆ ಉಳಿದಿತ್ತು. ನಾನು ತಂದೆಯವರಿಗೆ ನಮಸ್ಕರಿಸಿ, ಸುಮ್ಮನೆ ಮಗ್ಗದಲ್ಲಿ ಕುಳಿತುಕೊಂಡರೆ ಸಾಕು, ಬರೆದುಕೊಳ್ಳುತ್ತೇನೆ ಎಂದೆ. “ಸುಮ್ನ ಹೆಂಗ ಕೂಡ್ಲಿ? ಮಗ್ಗದಾಗ ಸುಮ್ನ ಕೂತು ಗೊತ್ತಿಲ್ಲ” ಎಂದು, ಮಗನಿಗೆ ಲಾಳಿಗೆ ಕಂಡಿಕೆ ಹಾಕಲು ಹೇಳಿ, ಕುಣಿಯಲ್ಲಿ ಕಾಲಿಳಿಸಿ ಕುಳಿತರು.

ಕುಣಿಮಗ್ಗದಲ್ಲಿ ನೇಕಾರನು ಕೂರುವುದು ನೆಲದ ಮಟ್ಟದಲ್ಲಿ. ಕಾಲುಗಳೆರಡೂ ಕುಣಿಯೊಳಗೆ ಮೆಟ್ಟುಗಳ ಮೇಲಿರುತ್ತವೆ. ಒಂದು ಮೆಟ್ಟನ್ನು ಒತ್ತಿದರೆ ಹಾಸಿನ ಎಳೆಗಳಲ್ಲಿ ಕೆಲವು ಮೇಲಾಗಿ ಕೆಲವು ಕೆಳಗಾಗಿ ನಡುವೆ ದಾರಿ ಬಿಡುತ್ತದೆ. ಬಲಗೈ ಹಗ್ಗ ಎಳೆದೊಡನೆ ಲಾಳಿ ಆ ದಾರಿಯಲ್ಲಿ ಹಾರಿ ಹೊಕ್ಕಿನ ನೂಲನ್ನು ಬಿಡುತ್ತದೆ. ಎಡಗೈ ಹಲಗೆಯನ್ನು ಮುಂದಕ್ಕೆ ಬಡಿದು ಆ ನೂಲನ್ನು ಬಟ್ಟೆಗೆ ಕೂಡಿಸುತ್ತದೆ. ಮತ್ತೆ ಇನ್ನೊಂದು ಮೆಟ್ಟು. ಹಾಸುಹೊಕ್ಕು ಎಂದು ನಾವು ಭಾಷಣಗಳಲ್ಲಿ ಎಷ್ಟು ಸಲ ಬಳಸಿಲ್ಲ! ಅದರ ಸದ್ದನ್ನು ಅಂದೇ ಕೇಳಿದೆ. ಹೊರಗೆ ಕಾಣುವುದು ಅರ್ಧ ಮನುಷ್ಯ ಮಾತ್ರ. ಬೆನ್ನು ಮುಂದಕ್ಕೆ ಬಾಗಿ, ಎದೆ ಬಟ್ಟೆಯ ದಿಂಡಿಗೆ ತಾಗುವಷ್ಟು ಸಮೀಪದಲ್ಲಿರುತ್ತದೆ. ಎದೆಯುಬ್ಬಿಸಲು ಅಲ್ಲಿ ಸ್ಥಳವೇ ಇಲ್ಲ.

ಮೂವತ್ತು ಸೆಕೆಂಡಿನ ಅಭ್ಯಾಸ ಅಂದು ಕೈಹಿಡಿಯಿತು. ಅವರು ನೇಯ್ದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಕಣ್ಣು ಕಾಣದಿದ್ದರೂ ಎಳೆ ಕಡಿದಾಗ ಕೈಗೆ ತಿಳಿಯುತ್ತಿತ್ತು. ನಿಲ್ಲಿಸಿ, ಬೆರಳಿನಿಂದ ತಡವಿ, ಗಂಟು ಹಾಕಿ ಮತ್ತೆ ಮೊದಲು ಮಾಡುವರು. ನಾನು ಹನ್ನೊಂದು ಹಾಳೆ ಬರೆದೆ. ನೂಲು ಇನ್ನೂ ನಾಲ್ಕು ಬೆರಳಷ್ಟು ಉಳಿದಿರುವಾಗ ಅವರು ಕೈ ನಿಲ್ಲಿಸಿ, “ಇಷ್ಟ ಇರಲಿ” ಎಂದು ಮೇಲಕ್ಕೆ ಬಂದರು. ಏಕೆಂದು ನಾವಿಬ್ಬರೂ ಕೇಳಲಿಲ್ಲ.

ಕಥೆಯಲ್ಲಿ ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಯನ್ನು ಹೊತ್ತು ಮನೆಗೆ ಓಡಿಬರುತ್ತಾನೆ, ತಂದೆ ಕೈಯಲ್ಲಿದ್ದ ಸಾಲನ್ನು ಮುಗಿಸುವವರೆಗೆ ತಲೆಯೆತ್ತುವುದಿಲ್ಲ, ಆಮೇಲೆ ಎತ್ತುತ್ತಾನೆ. ನಾನು ಹಿಂದೆ ಬರೆದಿದ್ದುದು ತಲೆಯೆತ್ತಿದ ಗಳಿಗೆಯನ್ನು. ಈ ಸಲ ಹನ್ನೆರಡು ಬೆಂಕಿಪೆಟ್ಟಿಗೆಗಳಲ್ಲಿ ಒಂಬತ್ತನೆಯದನ್ನು ಆರಿಸಿಕೊಂಡೆ. ಲಾಳಿ ಎಳೆಗಳ ನಡುವೆ ಅರ್ಧ ದಾರಿಯಲ್ಲಿದೆ. ಬಾಗಿಲಿನ ಕಡೆಯಿಂದ ಹುಡುಗನ ನೆರಳು ಮಾತ್ರ ಹಾಸಿನ ಮೇಲೆ ಬಿದ್ದಿದೆ. ತಂದೆ ಅದನ್ನು ಕಂಡಿದ್ದಾನೆ, ನೋಡಿಲ್ಲ. ಆ ನೆರಳನ್ನು ಗೆರೆಗಳಲ್ಲಿ ಹಾಕುವುದಕ್ಕೆ ಒಂದು ರಾತ್ರಿ, ಒಂದು ಹಗಲು ಹಿಡಿಯಿತು. ಹಾಸಿನ ಎಳೆಗಳೇ ಗೆರೆಗಳಾದ್ದರಿಂದ, ನೆರಳಿದ್ದಲ್ಲಿ ಅವನ್ನೇ ದಪ್ಪ ಮಾಡಿದರಾಯಿತೆಂದು ಹೊಳೆದದ್ದು ಬೆಳಗಿನ ಜಾವದಲ್ಲಿ.

ಹತ್ತನೆಯ ದಿನ ಗೋಡೆಯ ಮುಂದೆ ಹಿರಿಯ ಗುರುಗಳು ನನ್ನ ಹಾಳೆಯನ್ನು ನೋಡಿ, “ಇವರ ಗುರುತು ನನಗಿಲ್ಲ” ಎಂದು ಮುಂದಕ್ಕೆ ಹೋದರು. ಅಕ್ಕನಿಗೆ ಈ ಮಾತನ್ನು ವಿವರಿಸಿ ಹೇಳುವುದಕ್ಕೆ ನನಗೆ ಅರ್ಧ ಗಂಟೆ ಬೇಕಾಯಿತು. ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹೊಲಿಗೆಯ ಯಂತ್ರದ ಮೇಲೆ ಇಟ್ಟಳು, ಪರೀಕ್ಷೆಗಳ ಮಾತೆತ್ತಲಿಲ್ಲ.

ಕಾಲೇಜು ತೆರೆದ ದಿನ ಗೆಳೆಯನಿಗೆ ತೋರಿಸಿದೆ. ಅವನು ಈ ಸಲ ನಗಲಿಲ್ಲ. ಬೆರಳನ್ನು ಹಾಳೆಗೆ ತಾಗಿಸದೆ, ಸ್ವಲ್ಪ ಮೇಲೆಯೇ ಹಿಡಿದು, ಬೆನ್ನಿನ ಗೆರೆಯ ಉದ್ದಕ್ಕೂ ಸರಿಸಿದ. ಕೊನೆಗೆ, “ಹಗ್ಗ ಎಳೆಯೋವಾಗ ಅಪ್ಪನ ಬಲಮೊಣಕೈ ಇಷ್ಟು ಹೊರಗ ಬರೂದಿಲ್ಲ. ಪಕ್ಕಡಿಗೆ ಹತ್ತಿಕೊಂಡಿರ್ತೈತಿ” ಎಂದ. ಹನ್ನೊಂದು ಹಾಳೆಗಳನ್ನೂ ಹರಡಿ ನೋಡಿದೆವು. ಅವನ ಮಾತೇ ಸರಿಯಾಗಿತ್ತು. ಮಸಿಯ ಗೆರೆಯನ್ನು ಅಳಿಸಲು ಬರುವುದಿಲ್ಲ. ಸಂಪಾದಕರಿಂದ ಇನ್ನೂ ಒಂದು ವಾರದ ಗಡುವನ್ನು ಕೇಳಿಕೊಂಡು ಹೊಸ ಹಾಳೆ ತೆಗೆದುಕೊಂಡೆ.